ಹೊಸ್ತಿಲ ಮೇಲಿನ ನಿಂಬೆಹಣ್ಣು

ನೆನೆಸಿದ ಅವರೆಕಾಳನ್ನು ಹಿತಕುತ್ತಾ ಕುಳಿತಿದ್ದೆ. ಕಾಳನ್ನು ಎರಡು ಬೆರಳಿನ ನಡುವೆ ಇಟ್ಟು ಒತ್ತಿದರೆ ಬೇಳೆ ಪುಳಕ್ಕನೆ ಬೋಗುಣಿಗೆ ಹಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಮೊದಲೆಲ್ಲ ಈ ಕೆಲಸವನ್ನು ನೆಲದ ಮೇಲೆ ಕಾಲು ಚಾಚಿ ಕುಳಿತು ಮಾಡುತ್ತಿದ್ದೆ. ಈಗ ಕುರ್ಚಿಯ ಮೇಲೆ ಕುಳಿತು, ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡು ಮಾಡುತ್ತೇನೆ. ಆಗಾಗ ಒಂದೊಂದು ಬೇಳೆ ಗುರಿ ತಪ್ಪಿ ನೆಲಕ್ಕೆ ಬೀಳುತ್ತದೆ. ಬಿದ್ದದ್ದು ಅಲ್ಲೇ ಉಳಿಯುತ್ತದೆ. ಬಗ್ಗಿ ಎತ್ತುವ ಕಾಲ ಮುಗಿಯಿತು. ನಮ್ಮ ಮನೆಯ ಇರುವೆಗಳು ಈ ಚಳಿಗಾಲದಲ್ಲಿ ಒಳ್ಳೆ ಮೈ ತುಂಬಿಕೊಂಡಿವೆ.

ಆ ದಿನ ಗುರುವಾರ. ಗುರುವಾರ ಮಧ್ಯಾಹ್ನ ದಾಕ್ಷಾಯಿಣಿ ಬರುತ್ತಾಳೆ. ಅವಳೂ ನಾನೂ ಒಂದೇ ವರ್ಷ ಈ ಊರಿಗೆ ಸೊಸೆಯಂದಿರಾಗಿ ಬಂದವರು. ನಾನು ಊರಿನ ಪಡುವಣ ತುದಿಗೆ, ಅವಳು ಮೂಡಣ ತುದಿಗೆ. ಹಿತಕಿದ ಬೇಳೆ ಸಾರು ಎಂದರೆ ಅವಳಿಗೆ ಪ್ರಾಣ. ಸಾರಿಗೆ ಕಾಯಿ ರುಬ್ಬಬೇಕು ಎಂದುಕೊಳ್ಳುವಷ್ಟರಲ್ಲಿ ಫೋನು ಬಂತು.

"ಪ್ರಭಾ, ಇವತ್ತು ಬರಕ್ಕಾಗಲ್ಲ ಕಣೇ," ಎಂದಳು ದಾಕ್ಷು. "ನಮ್ಮನೆ ನಿಂಬೆಹಣ್ಣು ಒಪ್ಪಲಿಲ್ಲ."

"ಅಯ್ಯೋ, ಹೌದಾ? ಹಾಗಿದ್ರೆ ಬಿಡು," ಎಂದೆ. ಇನ್ನೇನು ಹೇಳಲಿ? ಅದಕ್ಕೆ ಅಷ್ಟೇ ಹೇಳಬೇಕು.

ನಮ್ಮ ಊರು ದಿನವೂ ಒಂದೇ ಕಡೆಗೆ ವಾಲಿರುವುದಿಲ್ಲ. ನಿನ್ನೆ ಪೇಟೆಗೆ ಇಳಿಜಾರಾಗಿದ್ದ ಬೀದಿ ಇವತ್ತು ಏರಾಗಿರುತ್ತದೆ. ಆದ್ದರಿಂದ ಮನೆಯ ಹೆಂಗಸರು ಎದ್ದ ಕೂಡಲೇ ಬಾಗಿಲು ತೆಗೆದು, ಹೊಸ್ತಿಲು ತೊಳೆದು, ಅದರ ಮೇಲೊಂದು ನಿಂಬೆಹಣ್ಣು ಇಟ್ಟು ಕೈ ಬಿಡುತ್ತಾರೆ. ನಮ್ಮ ಬಾಗಿಲು ಮೂಡಣಕ್ಕೆ ಇದೆ. ಹಣ್ಣು ಒಳಕ್ಕೆ ಉರುಳಿದರೆ ಅವತ್ತು ನಮಗೆ ಬೀದಿ ಏರು, ಹೊರಕ್ಕೆ ಉರುಳಿದರೆ ಇಳಿಜಾರು. ದಾಕ್ಷುವಿನ ಬಾಗಿಲು ನಮ್ಮ ಕಡೆಗೆ ಮುಖ ಮಾಡಿದೆ, ಅವಳದು ನಮ್ಮದಕ್ಕೆ ತದ್ವಿರುದ್ಧ. ಈ ಊರಿನಲ್ಲಿ ಗಾಡಿ ಇಟ್ಟವರಿಲ್ಲ. ಸಂಜೆ ನಿಲ್ಲಿಸಿದ ಗಾಡಿ ಬೆಳಿಗ್ಗೆ ಇನ್ನೊಬ್ಬರ ಅಂಗಳದಲ್ಲಿ ಇರುತ್ತದೆ. ನೆಂಟರು ಬಂದರೆ ಬೀದಿ ಅವರ ಕಡೆಗೆ ಇಳಿಯುವ ತನಕ ಹೊರಡುವುದಿಲ್ಲ. ಹೊರಡುವ ಮನಸ್ಸಿಲ್ಲದವರು ಬೆಳಿಗ್ಗೆ ನಮಗಿಂತ ಮೊದಲೇ ಎದ್ದು ತಾವೇ ಹಣ್ಣು ಇಟ್ಟುಬಿಡುತ್ತಾರೆ.

ಇದರಿಂದ ಒಂದು ಮರ್ಯಾದೆಯೂ ಬೆಳೆದು ಬಂದಿದೆ. ಬೇಡದ ಕಡೆಗೆ ಹೋಗುವುದನ್ನು ತಪ್ಪಿಸಿಕೊಳ್ಳಲು ಇಲ್ಲಿ ಯಾರೂ ತಲೆನೋವು ಎನ್ನುವುದಿಲ್ಲ, ನೆಂಟರು ಬಂದರು ಎನ್ನುವುದಿಲ್ಲ. ನಮ್ಮನೆ ನಿಂಬೆಹಣ್ಣು ಒಪ್ಪಲಿಲ್ಲ ಎನ್ನುತ್ತಾರೆ. ಇಡೀ ಊರಿಗೆ ಇರುವುದು ಒಂದೇ ಇಳಿಜಾರು, ಎಲ್ಲರ ಮನೆಯಲ್ಲೂ ಹೊಸ್ತಿಲು ಇದೆ, ಹೇಳಿದ್ದು ನಿಜವೋ ಸುಳ್ಳೋ ಕೇಳಿದವರಿಗೆ ಆ ಕ್ಷಣವೇ ಗೊತ್ತಾಗುತ್ತದೆ. ಆದರೆ ಒಬ್ಬರ ಮನೆಯ ನಿಂಬೆಹಣ್ಣಿಗೆ ಇನ್ನೊಬ್ಬರು ಎದುರಾಡಬಾರದು. ಹೆಣ್ಣು ನೋಡಲು ಬರಬೇಕಾದವರು ಹಾಗೆಂದರೂ ಕೂಡ, ಸರಿ ಎಂದು ಉಪ್ಪಿಟ್ಟನ್ನು ಮನೆಯವರೇ ತಿಂದು ಸುಮ್ಮನಾಗುತ್ತಾರೆ.

ಫೋನು ಇಟ್ಟು ಬಾಗಿಲ ಕಡೆ ನೋಡಿದೆ. ಬೆಳಿಗ್ಗೆ ನಮ್ಮ ಹಣ್ಣು ಒಳಕ್ಕೆ ಉರುಳಿ ಚಪ್ಪಲಿ ಸ್ಟ್ಯಾಂಡಿನ ಕೆಳಗೆ ಹೋಗಿತ್ತು. ಎಂದರೆ ದಾಕ್ಷುವಿನ ಮನೆಯಲ್ಲಿ ಹೊರಕ್ಕೆ ಉರುಳಿರಬೇಕು. ಅವಳ ಮನೆಯಿಂದ ನಮ್ಮ ಮನೆಗೆ ಬೀದಿಯುದ್ದಕ್ಕೂ ಇಳಿಜಾರು. ಸುಮ್ಮನೆ ಕಾಲು ಹಾಕಿದರೆ ಸಾಕು, ಊರೇ ತಂದು ನಮ್ಮ ಬಾಗಿಲಿಗೆ ಬಿಡುತ್ತದೆ.

ದಾಕ್ಷು ಸುಳ್ಳು ಹೇಳಿದ್ದಳು. ಇಷ್ಟು ವರ್ಷದಲ್ಲಿ ಮೊದಲ ಸಲ.

ನನಗೆ ಕೋಪ ಬಂತು ಎಂದರೆ ನೀವು ನಗಬೇಕು. ಏಕೆಂದರೆ ಆ ಸುಳ್ಳಿನ ಗುತ್ತಿಗೆ ನನ್ನದು. ಹಿಂದಿನ ಯುಗಾದಿಯಿಂದ ಈಚೆಗೆ ನಾನು ದಾಕ್ಷುವಿನ ಮನೆಗೆ ಹೋಗಿಲ್ಲ. ಏರಿರುವ ದಿನ ಏರು ಎನ್ನುತ್ತಿದ್ದೆ, ಅದು ನಿಜ. ಇಳಿಜಾರಿರುವ ದಿನ, ಹೊರಕ್ಕೆ ಹೊರಟ ಹಣ್ಣನ್ನು ಕಾಲಿನ ಹೆಬ್ಬೆರಳಿನಿಂದ ಒಳಕ್ಕೆ ತಳ್ಳಿ, ಚಪ್ಪಲಿ ಸ್ಟ್ಯಾಂಡಿನ ಕೆಳಗೆ ಸಿಕ್ಕಿಸಿ, ಫೋನು ಮಾಡಿ, "ಒಪ್ಪಲಿಲ್ಲ ಕಣೇ" ಎನ್ನುತ್ತಿದ್ದೆ. ತಳ್ಳುವುದನ್ನು ಯಾರೂ ನೋಡುತ್ತಿರಲಿಲ್ಲ, ತಳ್ಳದಿದ್ದರೂ ಯಾರೂ ಕೇಳುತ್ತಿರಲಿಲ್ಲ. ಆದರೂ ತಳ್ಳುತ್ತಿದ್ದೆ. ಸುಳ್ಳನ್ನು ಕೂಡ ಅಚ್ಚುಕಟ್ಟಾಗಿ ಮಾಡಬೇಕೆಂದು ನಮ್ಮ ಅಮ್ಮ ಬೆಳೆಸಿದ್ದಾರೆ. ಹಾಗೆ ಹೇಳಿದಾಗಲೆಲ್ಲ ದಾಕ್ಷು, "ಹಾಗಿದ್ರೆ ಇರು, ನಾನೇ ಬರ್ತೀನಿ" ಎಂದು ಬರುತ್ತಿದ್ದಳು.

ಕಾರಣ ಮಂಡಿ. ಎರಡೂ ಮಂಡಿಯ ಮೂಳೆ ಸವೆದಿದೆ ಎಂದು ದೊಡ್ಡ ಡಾಕ್ಟರು ಎಕ್ಸರೇ ಬೆಳಕಿಗೆ ಹಿಡಿದು ತೋರಿಸಿದ್ದರು. ಏರುವುದಕ್ಕೆ ಉಸಿರು ಹತ್ತುತ್ತದೆ, ಅದು ಎಲ್ಲರಿಗೂ ಹತ್ತುತ್ತದೆ, ಹೇಳಿಕೊಳ್ಳಬಹುದು. ನನಗೆ ಇಳಿಯುವಾಗ ಮಂಡಿಯೊಳಗೆ ಯಾರೋ ರಾಗಿ ಬೀಸಿದಂತೆ ಆಗುತ್ತಿತ್ತು. ಇಳಿಜಾರಿನಲ್ಲಿ ನೋವು ಎಂದರೆ ಈ ಊರಿನಲ್ಲಿ ನಗುತ್ತಾರೆ. ಇಲ್ಲಿ ಇಳಿಜಾರು ದೇವರು ಕೊಟ್ಟ ವರ. ವರ ನೋಯಿಸುತ್ತದೆ ಎನ್ನಲು ಆಗುತ್ತದೆಯೇ?

ಅದಕ್ಕಿಂತ ದೊಡ್ಡ ಕಾರಣ ದಾಕ್ಷುವಿನ ಮನೆಯ ಜಗಲಿ. ಆ ಕಲ್ಲಿನ ಮೇಲೆ ಚೌಕಾಬಾರದ ಮನೆಗಳನ್ನು ಕೆತ್ತಿದ್ದಾರೆ. ನಾವಿಬ್ಬರೂ ಎದುರುಬದುರು ಚಕ್ಕಳಮಕ್ಕಳ ಹಾಕಿ, ಕವಡೆ ಎಸೆದು, ಒಬ್ಬರ ಕಾಯಿ ಒಬ್ಬರು ಕಡಿದು, ಬೈದುಕೊಂಡು ಕಳೆದ ಮಧ್ಯಾಹ್ನಗಳಿಗೆ ಲೆಕ್ಕವಿಲ್ಲ. ಕೊನೆಯ ಸಲ ಆಟದ ನಡುವೆ ಎಲೆ ಅಡಿಕೆ ತರೋಣ ಎಂದು ಏಳಲು ಹೋದೆ. ಏಳಲು ಆಗಲಿಲ್ಲ. ಬಲಕ್ಕೆ ಹೊರಳಿದೆ, ಎಡಕ್ಕೆ ಹೊರಳಿದೆ, ಕಂಬ ಹಿಡಿದೆ, ಕಂಬವೂ ಸಹಾಯ ಮಾಡಲಿಲ್ಲ. ಕೊನೆಗೆ ದಾಕ್ಷುವಿನ ಮಗ ಶಶಿಧರ ಬಂದು ಕಂಕುಳಿಗೆ ಕೈ ಹಾಕಿ ರಾಗಿ ಮೂಟೆಯಂತೆ ಎತ್ತಿ ನಿಲ್ಲಿಸಿದ. "ಹುಷಾರು ಆಂಟಿ" ಎಂದ. ಅವನ ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ನಗು ಬಂದೋ ಗಾಬರಿಯಾಗಿಯೋ ಗೊತ್ತಿಲ್ಲ. ನಾನು ನಗು ಎಂದೇ ತೀರ್ಮಾನಿಸಿದೆ. ಆಟ ಅಲ್ಲಿಗೇ ನಿಂತಿತು. ನನ್ನ ಕೊನೆಯ ಕಾಯಿ ನಡುಮನೆ ಸೇರಿ ಹಣ್ಣಾಗಲು ಸ್ವಲ್ಪವೇ ಬಾಕಿ ಇತ್ತು.

ಮುಂದಿನ ಗುರುವಾರವೂ ದಾಕ್ಷುವಿನ ನಿಂಬೆಹಣ್ಣು ಒಪ್ಪಲಿಲ್ಲ. ಅದರ ಮುಂದಿನ ಗುರುವಾರ ಅವಳು ಫೋನೂ ಮಾಡಲಿಲ್ಲ. ನಾನು ಕಾಫಿ ಡಿಕಾಕ್ಷನ್ ಇಳಿಸಿಕೊಂಡು ಬೀದಿ ನೋಡುತ್ತಾ ನಿಂತಿದ್ದೆ.

"ಏನು, ನಿನ್ನ ಗೆಳತಿ ಬಿಟ್ಟೇಬಿಟ್ಟಳಾ?" ಎಂದರು ನಮ್ಮ ಯಜಮಾನರು ರೇವಣ್ಣ. ಅವರು ಪತ್ರಿಕೆಯ ಹಿಂದಿನಿಂದ ಮಾತಾಡುತ್ತಾರೆ. ಮದುವೆಯಾದಾಗಿನಿಂದ ನಾನು ಉತ್ತರ ಕೊಡುತ್ತಿರುವುದು ಪತ್ರಿಕೆಯ ಕೊನೆಯ ಪುಟಕ್ಕೆ.

"ನಿಂಬೆಹಣ್ಣು ಒಪ್ಪಿರಲಿಕ್ಕಿಲ್ಲ."

"ಒಪ್ಪದೆ ಏನು? ಇವತ್ತು ನಮ್ಮ ಕಡೆಗೇ ಇಳಿಜಾರು. ಮಜ್ಜಿಗೆಯವನು ಕೊಡ ಹಿಡ್ಕೊಂಡು ಓಡ್ತಾ ಬಂದ, ನಿಲ್ಲಕ್ಕೇ ಆಗ್ಲಿಲ್ಲ ಅವನಿಗೆ."

"ಇನ್ನೊಬ್ಬರ ಮನೆ ಹಣ್ಣಿನ ಬಗ್ಗೆ ಮಾತಾಡಬಾರದು ರೀ."

"ಮಾತಾಡಲ್ಲಪ್ಪ," ಎಂದು ಪುಟ ತಿರುಗಿಸಿದರು. "ಹೋಗಿ ನೋಡ್ಕೊಂಡು ಬಾ ಅಂದೆ ಅಷ್ಟೇ." ಅವರು ಅದನ್ನು ಅಂದಿರಲೇ ಇಲ್ಲ.

ಹೋಗಬೇಕಿತ್ತು. ಹೋಗಿ ಜಗಲಿಯ ಮೇಲೆ ಕುಳಿತುಕೊಳ್ಳಬೇಕಿತ್ತು, ಕುಳಿತ ಮೇಲೆ ಏಳಬೇಕಿತ್ತು. ಗೆಳತಿ ಕೈ ತಪ್ಪುತ್ತಿದ್ದಾಳೆ ಎಂದು ಗೊತ್ತಾದಾಗ ಬೇರೆ ಹೆಂಗಸರಾದರೆ ಅಳುತ್ತಿದ್ದರೇನೋ. ನಾನು ಮಂಡಿಗೆ ಎಣ್ಣೆ ಹಚ್ಚಿದೆ. ಅದರಿಂದ ಮಂಡಿ ಮಿರುಗಿತು, ಇನ್ನೇನೂ ಆಗಲಿಲ್ಲ. ಕೊನೆಗೆ ಸಂತೆ ಮೈದಾನದ ಪಕ್ಕದಲ್ಲಿ ವ್ಯಾಯಾಮ ಹೇಳಿಕೊಡುವ ಫೌಜಿಯಾ ಡಾಕ್ಟರ ಹತ್ತಿರ ಹೋದೆ. ಮೈದಾನ ಊರಿನ ನಡುವೆ ಇದೆ, ಅರ್ಧ ದಾರಿ. ಹಣ್ಣು ಹೊರಕ್ಕೆ ಉರುಳಿದ ದಿನ, ಹಲ್ಲು ಕಚ್ಚಿಕೊಂಡು ಇಳಿದುಕೊಂಡೇ ಹೋದೆ.

ಫೌಜಿಯಾ ಹೊರ ಊರಿನಿಂದ ಬಂದ ಹುಡುಗಿ. ನಿಂಬೆಹಣ್ಣಿನ ಮರ್ಯಾದೆ ಅವಳಿಗೆ ಗೊತ್ತಿಲ್ಲ, ಎಲ್ಲವನ್ನೂ ನೇರವಾಗಿ ಕೇಳುತ್ತಾಳೆ. ನನ್ನನ್ನು ಮಂಚದ ಮೇಲೆ ಕೂರಿಸಿ, ಮಂಡಿ ಮಡಚಿ, ಬಿಡಿಸಿ, ತೊಡೆ ಒತ್ತಿ ನೋಡಿ, "ಯಾವಾಗ ಜಾಸ್ತಿ ನೋವು ಅಮ್ಮಾ? ಹತ್ತುವಾಗಲಾ, ಇಳಿಯುವಾಗಲಾ?" ಎಂದಳು.

ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ನೋಡಿದೆ. ಆಮೇಲೆ ಮೆಲ್ಲಗೆ, "ಇಳಿಯುವಾಗ," ಎಂದೆ.

ಅವಳು ನಕ್ಕಳು. "ಈ ಊರಿನ ಹೆಂಗಸರೆಲ್ಲ ಇದನ್ನ ಹೀಗೇ ಪಿಸುಗುಟ್ಟಿ ಹೇಳ್ತಾರೆ. ಇದೇನು ಕಳ್ಳತನವಾ? ಇಳಿಯುವಾಗ ಮಂಡಿ ಮೇಲೆ ಭಾರ ಜಾಸ್ತಿ ಬೀಳುತ್ತೆ. ತೊಡೆ ಗಟ್ಟಿ ಇದ್ರೆ ಅದು ತಡ್ಕೊಳ್ಳುತ್ತೆ, ಮೆತ್ತಗಿದ್ರೆ ಎಲ್ಲಾ ಮಂಡಿಗೇ. ನೀವೆಲ್ಲ ಏರು ಬಂದ ದಿನ ಮನೇಲಿ ಕೂತ್ಕೊಂಡು, ಇಳಿಜಾರು ಬಂದ ದಿನ ಮಾತ್ರ ಹೊರಗೆ ಬರ್ತೀರ. ತೊಡೆ ಯಾವಾಗ ಗಟ್ಟಿಯಾಗಬೇಕು?"

ಇಡೀ ಊರು ಇಷ್ಟು ಕಾಲ ವರವೆಂದು ನಂಬಿಕೊಂಡು ಬಂದದ್ದನ್ನು ಅವಳು ಕೈಗೆ ಪೌಡರ್ ಹಚ್ಚಿಕೊಳ್ಳುತ್ತಾ ತಳ್ಳಿಹಾಕಿಬಿಟ್ಟಳು. ನನಗೆ ಸೋಲಲು ಮನಸ್ಸಾಗಲಿಲ್ಲ. "ಅಲ್ಲಮ್ಮಾ, ಸವೆದ ಚಪ್ಪಲೀನ ಇನ್ನೂ ಹಾಕ್ಕೊಂಡು ಓಡಾಡಿದ್ರೆ ಇನ್ನೂ ಸವೆಯೋದಿಲ್ವಾ?" ಎಂದೆ.

"ಚಪ್ಪಲಿಗೆ ರಕ್ತ ಹರಿಯಲ್ಲ ಅಮ್ಮಾ," ಎಂದಳು.

ಹೇಳಿಕೊಟ್ಟ ವ್ಯಾಯಾಮಗಳು ನೋಡಲು ಏನೂ ಅಲ್ಲ. ಮಂಚದ ಮೇಲೆ ಕಾಲು ಚಾಚಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಒತ್ತುವುದು. ಕುರ್ಚಿಯಲ್ಲಿ ಕುಳಿತು ಒಂದೊಂದೇ ಕಾಲನ್ನು ನೇರ ಮಾಡಿ ಹಿಡಿಯುವುದು. ಕೈ ಊರದೆ ಕುರ್ಚಿಯಿಂದ ಎದ್ದು, ನಿಧಾನವಾಗಿ ಕೂರುವುದು. ಕಿಟಕಿ ಸರಳು ಹಿಡಿದು ಹಿಮ್ಮಡಿ ಎತ್ತುವುದು. ಸ್ವಲ್ಪ ನೋವು ಬಂದರೆ ಹೆದರಬೇಡಿ, ಮಾರನೆ ದಿನವೂ ಉಳಿದರೆ ಕಡಿಮೆ ಮಾಡಿ, ಬಿಡಬೇಡಿ ಎಂದಳು. ಮತ್ತೆ, "ಮುಂದಿನ ಸಲ ನಿಮ್ಮ ಹಣ್ಣು ಒಳಗೆ ಉರುಳಿದ ದಿನ ಬನ್ನಿ. ಹತ್ತಿಕೊಂಡು. ನಡುನಡುವೆ ನಿಂತು ಉಸಿರು ತಗೊಳ್ಳಿ, ಯಾರೂ ದಂಡ ಹಾಕಲ್ಲ," ಎಂದಳು.

ಮನೆಯಲ್ಲಿ ಟವೆಲ್ ಒತ್ತುತ್ತಾ ಮಲಗಿದರೆ ಎರಡನೆಯ ಒತ್ತಿಗೇ ನಿದ್ದೆ ಬರುತ್ತಿತ್ತು. ಹಾಗಾಗಿ ಮೊದಲ ವಾರ ನನ್ನ ತೊಡೆಗಿಂತ ಟವೆಲ್ಲಿಗೆ ಹೆಚ್ಚು ವಿಶ್ರಾಂತಿ ಸಿಕ್ಕಿತು. ಕುರ್ಚಿಯಿಂದ ಎದ್ದು ಕೂರುವುದನ್ನು ಯಜಮಾನರು ಪತ್ರಿಕೆ ಇಳಿಸಿ ನೋಡಿದರು. "ಏನಾದ್ರೂ ಮರೆತಿದ್ದೀಯಾ?" ಎಂದು ಕೇಳಿದರು. ಹಿಮ್ಮಡಿ ಎತ್ತುವಾಗ ಎದುರು ಮನೆಯ ಚನ್ನಾಜಮ್ಮ, ಕಿಟಕಿಯಿಂದ ಏನೋ ಇಣುಕಿ ನೋಡುತ್ತಿದ್ದೇನೆಂದು ತಿಳಿದು, ತಾನೂ ಬೀದಿಗೆ ಬಂದು ಆ ಕಡೆಗೇ ನೋಡುತ್ತಾ ನಿಂತಳು. ಆದರೂ ಬಿಡಲಿಲ್ಲ. ಶಿಸ್ತಿನ ಕಾರಣಕ್ಕೆ ಬಿಡಲಿಲ್ಲ ಎಂದು ತಿಳಿಯಬೇಡಿ. ಪ್ರತಿ ಗುರುವಾರ ಫೋನು ಸುಮ್ಮನಿರುತ್ತಿತ್ತು, ಆ ಮೌನದಲ್ಲಿ ಕೂರಲು ಆಗದೆ ಏಳುತ್ತಿದ್ದೆ, ಎದ್ದ ಮೇಲೆ ಮಾಡಲು ಏನೂ ಇಲ್ಲದೆ ಕೂರುತ್ತಿದ್ದೆ. ಅದೇ ವ್ಯಾಯಾಮವಾಯಿತು.

ಹಣ್ಣು ಒಳಕ್ಕೆ ಉರುಳಿದ ಒಂದು ದಿನ ಹತ್ತಿಕೊಂಡು ಹೊರಟೆ. ಏರು ಬೀದಿಯಲ್ಲಿ ನನ್ನ ವಯಸ್ಸಿನವರು ಯಾರೂ ಇರಲಿಲ್ಲ. ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಒಂದು ಸಲ, ಔಷಧಿ ಅಂಗಡಿಯ ಮುಂದೆ ಒಂದು ಸಲ ನಿಂತೆ. ಉಸಿರು ಹತ್ತಿತು, ಬೆವರು ಬಂತು, ಮಂಡಿಯೊಳಗೆ ರಾಗಿ ಬೀಸುವವಳು ಮಾತ್ರ ಅವತ್ತು ರಜೆ ಹಾಕಿದ್ದಳು. ನನಗೇ ನಂಬಿಕೆ ಬರದೆ ಮಂಡಿ ಮುಟ್ಟಿ ನೋಡಿಕೊಂಡೆ.

ಫೌಜಿಯಾಳ ಕೋಣೆಯ ಬಾಗಿಲು ತಳ್ಳಿದೆ. ಕುರ್ಚಿಯ ಮೇಲೆ ದಾಕ್ಷು ಕುಳಿತಿದ್ದಳು. ಪಾದಕ್ಕೆ ಅಕ್ಕಿ ತುಂಬಿದ ಬಟ್ಟೆ ಚೀಲ ಕಟ್ಟಿಕೊಂಡು, ಬಲಗಾಲನ್ನು ನೇರ ಎತ್ತಿ ಹಿಡಿದಿದ್ದಳು. ನನ್ನನ್ನು ನೋಡಿ ಕಾಲನ್ನು ಹಾಗೇ ಹಿಡಿದುಕೊಂಡಳು. ಇಳಿಸಲು ಮರೆತಳೋ, ಅಪ್ಪಣೆ ಆಗಿರಲಿಲ್ಲವೋ.

"ನಿಮ್ಮನೆ ನಿಂಬೆಹಣ್ಣು ಇಲ್ಲಿಗೆ ಬರಕ್ಕೆ ಒಪ್ಪುತ್ತಾ?" ಎಂದೆ. ಊರಿನ ಮರ್ಯಾದೆಯನ್ನು ಮುರಿದ ಮೊದಲ ಮಾತು ಅದೇ ಇರಬೇಕು.

"ನಿಂದು ಇವತ್ತು ಏರು. ನೀನು ಹೆಂಗೆ ಬಂದೆ?"

"ಹತ್ಕೊಂಡು."

"ಸುಳ್ಳಿ."

"ನೀನು ಸುಳ್ಳಿ. ಎಷ್ಟು ಗುರುವಾರ ಆಯ್ತು? ಹಿತಕಿದ ಬೇಳೆ ಸಾರು ಮಾಡಿ ಕಾದಿದ್ದೆ. ಕೊನೆಗೆ ಅವರೊಬ್ಬರೇ ಎರಡು ದಿನ ತಿಂದ್ರು."

"ರೇವಣ್ಣನೋರು ಒಳ್ಳೆಯೋರು," ಎಂದು ದಾಕ್ಷು ಕಾಲು ಇಳಿಸಿದಳು. ಆಮೇಲೆ ತನ್ನ ಮಂಡಿಯ ಮೇಲೆ ಕೈ ಇಟ್ಟುಕೊಂಡಳು. "ನಂದೂ ಹೋಗಿದೆ ಕಣೇ. ಹೇಳಕ್ಕೆ ನಾಚಿಕೆ ಆಯ್ತು. ಇಳಿಜಾರಲ್ಲಿ ನೋವು ಅಂದ್ರೆ ನೀನು ನಗ್ತೀಯ ಅಂತ."

ನಾನು ನಗಲಿಲ್ಲ. ಫೌಜಿಯಾ ಗೋಡೆಯ ಕಡೆ ತಿರುಗಿ ನಕ್ಕದ್ದು ಕಂಡಿತು.

"ನಂಗೋಸ್ಕರ ಏರು ಹತ್ತಿ ಹತ್ತಿ ಹೀಗಾಯ್ತೇನೇ?" ಎಂದೆ. ಕೇಳಿದ ಮೇಲೆ, ನಾನು ನನ್ನ ಸುಳ್ಳನ್ನೂ ಒಪ್ಪಿಕೊಂಡಂತೆ ಆಯಿತೆಂದು ಹೊಳೆಯಿತು. ದಾಕ್ಷು ಮುಖ ಬದಲಿಸಲಿಲ್ಲ.

"ನಮ್ಮನೇಲೂ ಹೊಸ್ತಿಲಿದೆ ಪ್ರಭಾ," ಎಂದಳು. "ನೀನು ಒಪ್ಪಲಿಲ್ಲ ಅಂದಾಗೆಲ್ಲ ನಮ್ಮ ಹಣ್ಣು ನೋಡ್ತಿದ್ದೆ, ಸೀರೆ ಬದಲಾಯಿಸ್ಕೊಂಡು ಹೊರಡ್ತಿದ್ದೆ. ಹತ್ತೋದು ಕಷ್ಟ ಆಗ್ಲಿಲ್ಲ. ನಿಮ್ಮನೆಯಿಂದ ಇಳಿದು ವಾಪಸ್ಸು ಹೋಗೋದೇ ಕಷ್ಟ ಆಗಿದ್ದು."

ಪಕ್ಕದ ಕುರ್ಚಿಯಲ್ಲಿ ಕುಳಿತು ನಾನೂ ಕಾಲು ಎತ್ತಿದೆ. ಫೌಜಿಯಾ ನನ್ನ ಪಾದಕ್ಕೂ ಒಂದು ಚೀಲ ಕಟ್ಟಿದಳು. ಇಬ್ಬರೂ ಮೊದಲ ದಿನ ಶಾಲೆಗೆ ಬಂದ ಮಕ್ಕಳಂತೆ ಎದುರು ಗೋಡೆ ನೋಡುತ್ತಾ ಕಾಲು ಎತ್ತಿದೆವು, ಇಳಿಸಿದೆವು.

"ನಂದು ಸೋನಾ ಮಸೂರಿ," ಎಂದಳು ದಾಕ್ಷು. "ನಿಂದು ಯಾವ ಅಕ್ಕಿ?"

"ಭಾರ ನೋಡಿದ್ರೆ ಕುಚಲಕ್ಕಿ ಇರಬೇಕು."

ಹೊರಡುವಾಗ ಕೇಳಿದೆ, "ಜಗಲಿ ಮೇಲಿನ ಆಟ?"

"ಹಂಗೇ ಇದೆ. ಕಾಯಿ ಮುಟ್ಟಬೇಡ ಅಂತ ಸೊಸೆಗೆ ಹೇಳಿದೀನಿ. ಸುತ್ತ ಗುಡಿಸ್ತಾಳೆ ಪಾಪ. ಅವತ್ತು ನಿನ್ನ ನೋಡಿ ಅವಳಿಗೆ ಅಳುವೇ ಬಂದುಬಿಟ್ಟಿತ್ತು ಕಣೇ, ಅವಳ ಅಮ್ಮಂಗೂ ಹಂಗೇ ಮಂಡಿ." ಚೀಲ ಬಿಚ್ಚುತ್ತಾ ಇನ್ನೂ ಒಂದು ಮಾತು ಹೇಳಿದಳು. "ಬಾ ಅಂತ ಕರೆಯಲ್ಲ. ಕರೆದ್ರೆ ನೀನು ನಿಂಬೆಹಣ್ಣು ಇಡ್ತೀಯ. ನಾನೂ ಬರಲ್ಲ, ಅಷ್ಟು ದೂರ ಇಳಿಯಕ್ಕೆ ಇನ್ನೂ ಆಗಲ್ಲ. ಮುಂದೆ ಊರು ಸಮ ಆದ ದಿನ ನೋಡೋಣ." ಊರು ಸಮವಾಗುವ ದಿನ ವರ್ಷಕ್ಕೊಮ್ಮೆ ಬಂದರೆ ಹೆಚ್ಚು, ಕೆಲವು ವರ್ಷ ಬರುವುದೇ ಇಲ್ಲ. ಅವಳು ಕೋಲು ಊರಿಕೊಂಡು ಹತ್ತಿ ಹೋಗುವುದನ್ನು ನೋಡುತ್ತಾ ನಿಂತೆ. ಆಮೇಲೆ ನಾನು ಫೌಜಿಯಾ ಹೇಳಿಕೊಟ್ಟಂತೆ, ಬೀದಿಯ ಈ ಅಂಚಿನಿಂದ ಆ ಅಂಚಿಗೆ ಅಡ್ಡಡ್ಡ ಹಾವಿನ ಹಾಗೆ ಇಳಿಯುತ್ತಾ ಮನೆಗೆ ಬಂದೆ.

ಬುಧವಾರ ಯಜಮಾನರು ಕ್ಷೌರಕ್ಕೆ ಹೋಗಿದ್ದಾಗ ಬಾಗಿಲ ಹತ್ತಿರ ಒಂದು ಕುರ್ಚಿ ಎಳೆದಿಟ್ಟುಕೊಂಡು, ಅದನ್ನು ಹಿಡಿದು, ಜಮಖಾನದ ಮೇಲೆ ಇಳಿದು ಕುಳಿತೆ. ಕೂರುವುದು ಸುಲಭ; ಭೂಮಿ ತಾನೇ ಕರೆಯುತ್ತದೆ. ಪೊರಕೆಯ ಹಿಡಿಯನ್ನು ಚಪ್ಪಲಿ ಸ್ಟ್ಯಾಂಡಿನ ಕೆಳಗೆ ಆಡಿಸಿದೆ. ಒಳಕ್ಕೆ ಉರುಳಿದ ಹಣ್ಣುಗಳು, ನಾನೇ ಒಳಕ್ಕೆ ತಳ್ಳಿದ ಹಣ್ಣುಗಳು, ಒಂದೂ ಬಿಡದೆ ಹೊರಗೆ ಬಂದವು. ಒಣಗಿ, ಕಂದು ಬಣ್ಣಕ್ಕೆ ತಿರುಗಿ, ಅಲ್ಲಾಡಿಸಿದರೆ ಬೀಜ ಸದ್ದು ಮಾಡುವಷ್ಟು ಹಗುರವಾಗಿದ್ದವು. ಯಾವುದು ನಿಜದ್ದು, ಯಾವುದು ಸುಳ್ಳಿನದು ಎಂದು ಬೇರೆ ಮಾಡಲು ಆಗುವಂತಿರಲಿಲ್ಲ. ಎಲ್ಲವನ್ನೂ ಮೊರಕ್ಕೆ ತುಂಬಿದೆ.

ಆಮೇಲೆ ಏಳಬೇಕಿತ್ತು. ಕುರ್ಚಿಯ ಕಡೆ ತಿರುಗಿ, ಜಮಖಾನವನ್ನು ಮಡಚಿ ಮಂಡಿಯ ಕೆಳಗೆ ಹಾಕಿಕೊಂಡು, ಎರಡೂ ಕೈಯನ್ನು ಕುರ್ಚಿಯ ಮೇಲೆ ಊರಿ, ಒಂದು ಪಾದವನ್ನು ಮುಂದಿಟ್ಟು ಒತ್ತಿದೆ. ಮೊದಲ ಸಲ ಕುರ್ಚಿ ಜಾರಿತು. ಎರಡನೆಯ ಸಲ ನನಗೆ ನಗು ಬಂದು ಬಲ ಹೋಯಿತು. ಬಾಗಿಲು ತೆರೆದೇ ಇತ್ತು. ಚನ್ನಾಜಮ್ಮ ಈಗ ಬಂದರೆ ಚೆನ್ನಾಗಿರುತ್ತದೆ ಎಂದುಕೊಂಡೆ. ಕುರ್ಚಿಯನ್ನು ಗೋಡೆಗೆ ಒತ್ತರಿಸಿ ಮತ್ತೆ ಒತ್ತಿದೆ. ತೊಡೆ ನಡುಗಿತು, ಮಂಡಿ ಕಟಕ್ ಎಂದಿತು, ನಾನು ನಿಂತಿದ್ದೆ. ಶಶಿಧರ ಎತ್ತಿದಷ್ಟು ಸಲೀಸಾಗಿ ಅಲ್ಲ. ಆದರೆ ಕಂಕುಳಲ್ಲಿ ಯಾರ ಕೈಯೂ ಇರಲಿಲ್ಲ.

ಗುರುವಾರ ಬೆಳಿಗ್ಗೆ ಹೊಸ್ತಿಲು ತೊಳೆದೆ. ಬುಟ್ಟಿಯಿಂದ ಒಂದು ನಿಂಬೆಹಣ್ಣು ತೆಗೆದುಕೊಂಡೆ. ಒಳ್ಳೆ ಗುಂಡಗಿನ, ಹಳದಿ ಹಣ್ಣು. ಎಲ್ಲಿಗೆ ಬೇಕಾದರೂ ಚೆನ್ನಾಗಿ ಉರುಳುತ್ತಿತ್ತು. ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡು ನಿಂತೆ. ಆಮೇಲೆ ಒಳಗೆ ಹೋಗಿ, ಈಳಿಗೆ ಮಣೆಯನ್ನು ಕಟ್ಟೆಯ ಮೇಲಿಟ್ಟು ಹಣ್ಣನ್ನು ಎರಡು ಹೋಳು ಮಾಡಿ, ಆರಿಸಿಟ್ಟ ಅನ್ನದ ಮೇಲೆ ಹಿಂಡಿದೆ.

ಯಜಮಾನರು ಚಿತ್ರಾನ್ನದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಪತ್ರಿಕೆಯ ಹಿಂದಿನಿಂದ, "ಏನಂತೆ ಇವತ್ತು? ಒಳಗೋ, ಹೊರಗೋ?" ಎಂದರು.

"ಹುಳಿ ಸರಿಯಾಗಿದೆಯಾ ನೋಡಿ," ಎಂದೆ.

"ಒಂಚೂರು ಜಾಸ್ತಿ ಆಯ್ತು," ಎಂದರು.

ಉಳಿದ ಚಿತ್ರಾನ್ನವನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದೆ. ಬೀದಿ ಏರೋ ಇಳಿಜಾರೋ ನನಗೆ ಗೊತ್ತಿರಲಿಲ್ಲ, ಹೆಜ್ಜೆ ಇಟ್ಟ ಮೇಲೆ ಕಾಲೇ ಹೇಳುತ್ತದೆ. ಏರಿದ್ದರೆ ನಿಂತು ನಿಂತು ಹೋಗುವುದು, ಇಳಿಜಾರಿದ್ದರೆ ಅಡ್ಡಡ್ಡ ಹೋಗುವುದು. ದಾಕ್ಷುವಿಗೆ ಫೋನು ಮಾಡುವುದು ಬೇಡ. ಇವರಿಗೂ ಹೇಳುವುದು ಬೇಡ. ಪುಟ ತಿರುಗಿಸುವಷ್ಟರಲ್ಲಿ ನಾನು ಬಟ್ಟೆ ಅಂಗಡಿಯ ಕಟ್ಟೆ ಸೇರಿರುತ್ತೇನೆ. ಜಗಲಿಯ ಮೇಲೆ ನನ್ನ ಜಾಗದಲ್ಲೇ, ನೆಲದ ಮೇಲೇ ಕುಳಿತು, ಆ ಕೊನೆಯ ಕಾಯಿಯನ್ನು ಹಣ್ಣು ಮಾಡುವುದು. ಆಮೇಲೆ ಏಳಲು ಬಂದರೆ ಏಳುವುದು. ಬಾರದಿದ್ದರೆ ಯಾರನ್ನೂ ಕೂಗದೆ, ಕವಡೆಯನ್ನು ದಾಕ್ಷುವಿನ ಕೈಗೆ ಕೊಟ್ಟು, ಇನ್ನೊಂದು ಆಟ ಹೂಡುವುದು.